ಹಳೆಯ ಪಟ್ಟದ ಗೊಂಬೆ: ಮುಖಕ್ಕೆ ಬಣ್ಣ ಹೊಡೆಸಬೇಕೇ, ಹಾಗೇ ಬಿಡಬೇಕೇ?

ಒಂಬತ್ತುಮೆಟ್ಟಿಲು (ಪ್ರಶ್ನೆ):
ದಸರೆಯಲ್ಲಿ ಕೂರಿಸುವ ಪಟ್ಟದ ಗೊಂಬೆ, ಸುಮಾರು ಒಂದು ಅಡಿ ಎತ್ತರದ ಹಳೆಯ ರಾಜ-ರಾಣಿ ಜೋಡಿ. ಮೈ ಕಪ್ಪುಗೆಂಪು ಮರ, ಕಣ್ಣು-ಹುಬ್ಬಿಗೆ ಮಾತ್ರ ಬಣ್ಣ. ರಾಣಿಯ ಸೀರೆಯನ್ನು ಅಂಟು ಹಾಕಿ ಕೂರಿಸಿದ್ದಾರೆ, ಜರಿ ಕಪ್ಪಾಗಿದೆ. ರಾಜನ ಬುಡದಲ್ಲಿ ಸೂಜಿಮೊನೆಯಷ್ಟು ತೂತುಗಳಿವೆ, ಇಟ್ಟ ಜಾಗದಲ್ಲಿ ಹಿಟ್ಟು ಉದುರುತ್ತದೆ. ದಸರೆಗೆ ಮುಂಚೆ ಸರಿ ಮಾಡಬೇಕು.

ಕುಟ್ಟೆ ಹುಳಕ್ಕೆ ಏನು ಮಾಡುವುದು? ಮುಖ ತೀರಾ ಕಪ್ಪು, ಗೋಧಿ ಬಣ್ಣದ ಎನಾಮಲ್ ಹೊಡೆಸಿದರೆ ಲಕ್ಷಣವಾಗಿರುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ, ಹೊಡೆಸಬಹುದೇ? ಐದು ವರ್ಷದ ಮಗು ಆಟಕ್ಕೆ ಕೇಳುತ್ತಿದೆ, ಕೊಡಬಹುದೇ?

ಮರಗೆಲಸ:
ಮೊದಲು ಮರ ಯಾವುದು ನೋಡಿ. ಪಟ್ಟದ ಗೊಂಬೆಗೆ ವಾಡಿಕೆಯ ಮರ ರಕ್ತಚಂದನ. ಅದರ ಚೇಗನ್ನು, ಅಂದರೆ ಗಟ್ಟಿ ಒಳಮರವನ್ನು, ಕುಟ್ಟೆ ತಿನ್ನುವುದಿಲ್ಲ. ತೂತು ಬಿದ್ದಿದೆ ಎಂದರೆ ತೊಗಟೆ ಪಕ್ಕದ ಬಿಳಿ ಭಾಗವೂ ಸೇರಿಕೊಂಡಿರಬೇಕು, ಇಲ್ಲವೇ ಪೀಠ ಬೇರೆ ಹಗುರ ಮರದ್ದಿರಬೇಕು. ಪಾಲಿಶ್ ತಾಗದ ಬುಡದ ಒಂದು ಮೂಲೆಗೆ ನೀರಲ್ಲಿ ಅದ್ದಿದ ಹತ್ತಿ ಒತ್ತಿ. ಬಣ್ಣ ಬಿಟ್ಟರೆ ಅದು ಬಣ್ಣ ಹಾಕಿದ ಮರ. ನೀರಿಗೆ ಬಿಡದೆ ಸ್ಪಿರಿಟ್ ಹಚ್ಚಿದ ಹತ್ತಿಗೆ ಮಾತ್ರ ಕೆಂಪು ಬಂದರೆ ಬಹುಮಟ್ಟಿಗೆ ರಕ್ತಚಂದನವೇ. ಅದರ ಕೆಂಪು ನೀರಿಗೆ ಕರಗುವುದಿಲ್ಲ, ಸ್ಪಿರಿಟ್‌ಗೆ ಕರಗುತ್ತದೆ. ಪಾಲಿಶ್ ಇರುವ ಕಡೆ ಈ ಪರೀಕ್ಷೆ ಮಾಡಿದರೆ ಪಾಲಿಶ್‌ನಲ್ಲಿರುವ ಅರಗು ಕರಗಿ ಬಂದು ಮೋಸ ಹೋಗುತ್ತೀರಿ. ಕೈಗೆ ಸಿಗುವ ಭಾರವೂ ಒಂದು ಗುರುತು.

ಹುಳು ಜೀವಂತವಿದೆಯೇ? ತೂತುಗಳನ್ನು ಬ್ರಷ್‌ನಿಂದ ಚೊಕ್ಕ ಮಾಡಿ, ಕಪ್ಪು ಕಾಗದದ ಮೇಲೆ ನಿಲ್ಲಿಸಿ, ಎರಡು ವಾರ ಅಲುಗಾಡಿಸಬೇಡಿ. ಹೊಸ ಹಿಟ್ಟು ಬಿದ್ದರೆ ಇದೆ. ಅಲುಗಾಡಿಸಿದಾಗ ಹಳೆಯ ಹಿಟ್ಟೂ ಉದುರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇದ್ದರೆ ಫ್ರೀಜರ್. ಬಟ್ಟೆ ಬಿಚ್ಚಿದ ಗೊಂಬೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಪಾಲಿಥೀನ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ತೆಗೆದು ಟೇಪ್ ಹಚ್ಚಿ. ಮೈನಸ್ 18 ಡಿಗ್ರಿಯ ಮನೆಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಮರದ ಮೇಲೆ ನೀರು ಕೂತು ಕಣ್ಣಿನ ಬಣ್ಣ ಏಳುತ್ತದೆ. ಸೀಮೆಎಣ್ಣೆ ಬಿಡುವವರಿದ್ದಾರೆ, ಕಲೆಯೂ ವಾಸನೆಯೂ ಹೋಗುವುದಿಲ್ಲ. ಕೊನೆಗೆ ತೂತುಗಳಿಗೆ ಜೇನುಮೇಣ ಮತ್ತು ಕಾವಿಪುಡಿ ಬೆರೆಸಿ ತುಂಬಿ. ಎಪಾಕ್ಸಿ ಬೇಡ, ಮತ್ತೆ ತೆಗೆಯಲಾಗುವುದಿಲ್ಲ.

ಈ ಫ್ರೀಜರ್ ಉಪಾಯ ಬರಿಯ ಮರಕ್ಕೆ ಮಾತ್ರ. ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆಗಳಿಗೆ ಬಣ್ಣದ ಕೆಳಗೆ ಹುಣಸೆಬೀಜದ ಅಂಟು, ಮರದ ಪುಡಿ ಸೇರಿಸಿದ ಕಿಟ್ಟದ ಪದರ ಇರುತ್ತದೆ. ಚಳಿಗೆ ಮರ ಒಂದು ರೀತಿ, ಕಿಟ್ಟ ಇನ್ನೊಂದು ರೀತಿ ಕುಗ್ಗಿ ಬಣ್ಣ ಹೆಕ್ಕಳಿಕೆಯಾಗಿ ಏಳುತ್ತದೆ.

ಕುಂಚ:
ಎನಾಮಲ್ ದಯವಿಟ್ಟು ಬೇಡ. ಕೆಲಸದ ದೃಷ್ಟಿಯಿಂದಲೇ ಹೇಳುವುದಾದರೆ, ದಪ್ಪ ಬಣ್ಣ ಕೆತ್ತನೆಯ ಗೆರೆಗಳಲ್ಲಿ ತುಂಬಿಕೊಂಡು ತುಟಿ, ಮೂಗಿನ ಹೊಳ್ಳೆ ಮುಚ್ಚಿಹೋಗುತ್ತವೆ. ಕೆಲವು ವರ್ಷಕ್ಕೆ ಹಳದಿಯಾಗುತ್ತದೆ. ಆಗ ತೆಗೆಯಲು ಥಿನ್ನರ್ ಹಾಕಿದರೆ ಮರದ ಕೆಂಪೂ ಜೊತೆಗೆ ಎದ್ದು ಬರುತ್ತದೆ.

ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಅಂಗಡಿಯ ಗೊಂಬೆಗಳಲ್ಲಿ ಹೆಚ್ಚಿನವು ಬಿಳಿ. ಮೇಲಿನ ಮೆಟ್ಟಿಲಲ್ಲಿ ಕಳಶದ ಪಕ್ಕ ಕೂತು, ಒಂಬತ್ತು ದಿನ ಆರತಿ ಎತ್ತಿಸಿಕೊಳ್ಳುವ ರಾಜ-ರಾಣಿ ಕಪ್ಪು. ಮಗುವಿನ ಕಣ್ಣಿಗೆ ಇದು ಬೀಳುವುದು ಸಣ್ಣ ವಿಷಯವಲ್ಲ. ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ 1940ರ ಆಸುಪಾಸಿನಲ್ಲಿ 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಮೈಬಣ್ಣ ಬಿಟ್ಟರೆ ಉಳಿದೆಲ್ಲ ಒಂದೇ ಆದ ಗೊಂಬೆಗಳನ್ನಿಟ್ಟು ಯಾವುದು ಚೆಂದ, ಯಾವುದು ಕೆಟ್ಟದ್ದು, ಯಾವುದು ನಿನ್ನ ಹಾಗಿದೆ ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯದನ್ನು ಚೆಂದ ಎಂದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದು ಎಂದ 1954ರ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಈ ಕೆಲಸದ ಉಲ್ಲೇಖವಿದೆ. ನಮ್ಮ ಮನೆಗಳಲ್ಲಿ ಕಪ್ಪು ಮುಖಕ್ಕೆ ಪೂಜೆಯ ಸ್ಥಾನ ಮೊದಲಿನಿಂದಲೂ ಇದೆ. ಅದನ್ನು ನಾವೇ ಗೋಧಿ ಬಣ್ಣದಲ್ಲಿ ಮುಚ್ಚುವುದು ಬೇಡ.

ಶುಚಿ ಮಾಡುವ ಕ್ರಮ: ಮೊದಲು ಒಣ ಮೆತ್ತನೆ ಬ್ರಷ್. ಆಮೇಲೆ ಡಿಸ್ಟಿಲ್ಡ್ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿಕಡ್ಡಿಯಿಂದ ಒಂದೊಂದು ಇಂಚು ಒರೆಸಿ, ತಕ್ಷಣ ಒಣಬಟ್ಟೆ ಒತ್ತಿ. ಕಣ್ಣಿನ ಹತ್ತಿರ ಹತ್ತಿಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ, ಅದು ಗೋಂದಿನ ಬಣ್ಣ. ಕೊಬ್ಬರಿ ಎಣ್ಣೆ ಹಚ್ಚಿದರೆ ಹೊಳೆಯುತ್ತದೆ, ನಿಜ, ಆದರೆ ಜಿಡ್ಡಿಗೆ ಧೂಳು ಕೂರುತ್ತದೆ. ಕಣ್ಣು-ಹುಬ್ಬು ಅಳಿಸಿರುವಲ್ಲಿ ಮಾತ್ರ 0 ನಂಬರ್ ಕುಂಚದಿಂದ ಪೋಸ್ಟರ್ ಕಲರ್ ತುಂಬಿ, ತಪ್ಪಿದರೆ ಒರೆಸಬಹುದು. ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಲೇಬಾರದು. ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಯಾದದ್ದೇ 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪುಡಿ ಮಗುವಿರುವ ಮನೆಯಲ್ಲಿ ಹಾರುವುದು ಒಳ್ಳೆಯದಲ್ಲ.

ಜರಿಯಂಚು:
ಬಟ್ಟೆ ಎಳೆದು ಕೀಳಬೇಡಿ. ಒದ್ದೆ ಮಾಡಿ ಹಿಂಡಿದ ಬ್ಲಾಟಿಂಗ್ ಕಾಗದವನ್ನು ಹತ್ತು ನಿಮಿಷ ಒತ್ತಿಟ್ಟರೆ ಮೈದಾ ಅಂಟು ಮೆದುವಾಗುತ್ತದೆ. ಫೆವಿಕಾಲ್ ಆದರೆ ಬಿಸಿನೀರಿನ ಒದ್ದೆ ಬಟ್ಟೆ ಬೇಕು. ಬಿದಿರುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ.

ಹೊಸ ಸೀರೆ: 12 ಇಂಚಿನ ರಾಣಿಗೆ ಸೊಂಟದಿಂದ ಪಾದಕ್ಕೆ 7 ಇಂಚು ಬರುತ್ತದೆ. ಮಡಿಕೆ ಹೊಲಿಯಲು ಸೇರಿಸಿ 8 ಇಂಚು ಅಗಲ ಕತ್ತರಿಸಿ. ಸೊಂಟದ ಸುತ್ತಳತೆ 6 ಇಂಚಾದರೆ ಉದ್ದ 26ರಿಂದ 28: ಒಂದೂವರೆ ಸುತ್ತಿಗೆ 9, ಐದು ನೆರಿಗೆಗೆ 7-8, ಉಳಿದದ್ದು ಸೆರಗು. ಅಂಚು ಅರ್ಧ ಇಂಚು ಮೀರದಿರಲಿ. ದೊಡ್ಡವರ ಸೀರೆಯ ಮೂರಿಂಚಿನ ಅಂಚು ಹಾಕಿದರೆ ರಾಣಿಯೇ ಕಾಣುವುದಿಲ್ಲ. ದಪ್ಪ ರೇಷ್ಮೆ ಸೆಟೆದು ನಿಲ್ಲುವುದರಿಂದ ತೆಳು ರೇಷ್ಮೆ ಅಥವಾ ಮಲ್ ಬಟ್ಟೆ ತೆಗೆದುಕೊಳ್ಳಿ. ನೆರಿಗೆಗೆ ಟಾಕು, ಸೊಂಟಕ್ಕೆ ದಾರ. ಅಂಟು ಎಲ್ಲೂ ಬೇಡ, ತೇವ ಹಿಡಿದಿಟ್ಟುಕೊಂಡು ಮರವನ್ನೂ ಬಟ್ಟೆಯನ್ನೂ ಕೆಡಿಸುತ್ತದೆ.

ರಾಜನ ಮೈಸೂರು ಪೇಟವನ್ನು ತಲೆಯ ಮೇಲೆ ನೇರವಾಗಿ ಸುತ್ತಬೇಡಿ. ತಲೆಯ ಅಳತೆಗೆ ರಟ್ಟಿನ ಟೋಪಿ ಮಾಡಿ ಅದರ ಮೇಲೆ ಒಂದೂವರೆ ಇಂಚು ಅಗಲ, 20 ಇಂಚು ಉದ್ದದ ಪಟ್ಟಿ ಸುತ್ತಿ ಹೊಲಿಯಿರಿ. ವರ್ಷಾವರ್ಷ ತೆಗೆದಿಡಬಹುದು. ತಮಿಳು ಮನೆಗಳ ಮರಪಾಚಿ ಜೋಡಿಯೂ ಇದೇ ಮರದ್ದೇ. ನಮ್ಮದನ್ನು ಮೈಸೂರಿನದಾಗಿಸುವುದು ಈ ಪೇಟ, ಆದ್ದರಿಂದ ಅದಕ್ಕೆ ಸಮಯ ಕೊಡಿ.

ಕಡಲಾಚೆ:
ಒಂದು ಸೇರ್ಪಡೆ. ರಕ್ತಚಂದನ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ (ಸೈಟಿಸ್) ಎರಡನೇ ಪಟ್ಟಿಯಲ್ಲಿದೆ, ಅಂದರೆ ಅದರ ವ್ಯಾಪಾರಕ್ಕೆ ನಿಯಂತ್ರಣವಿದೆ. ಹೊರದೇಶದಲ್ಲಿರುವ ಮಕ್ಕಳಿಗೆ ಜೋಡಿ ಕೊಟ್ಟು ಕಳಿಸುವವರು ಎರಡೂ ಕಡೆಯ ಕಸ್ಟಮ್ಸ್ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಿ. ಬೇರೆ ಮರದ ಜೋಡಿ ಕಳಿಸಿದರೆ ತೊಡಕು ಕಡಿಮೆ.

ಒಂಬತ್ತುಮೆಟ್ಟಿಲು:
ಬಣ್ಣದ ಮಾತು ಮುಗಿಯಿತು, ಮುಖ ಹಾಗೇ ಇರಲಿ. ಮಗುವಿನ ಪ್ರಶ್ನೆ ಉಳಿಯಿತು.

ಗೊಂಬೆಬಾಗಿನ:
ಹಳೆ ಬಣ್ಣ, ಗುಂಡುಸೂಜಿ, ಮಣಿ ಇರುವುದರಿಂದ ಪಟ್ಟದ ಜೋಡಿಯನ್ನು ಆಟಕ್ಕೆ ಕೊಡಬೇಡಿ. ಆದರೆ "ಮುಟ್ಟಬೇಡ" ಎಂದು ದೂರ ನಿಲ್ಲಿಸಿದರೆ ಮಗುವಿಗೆ ಹಬ್ಬದಲ್ಲಿ ಕೆಲಸವೇ ಇರುವುದಿಲ್ಲ. ಐದು ವರ್ಷದ ಮಗು ರಾಜನ ಹೆಗಲಿಗೆ ಅಂಗವಸ್ತ್ರ ಹೊದಿಸಬಲ್ಲದು, ಆಮೇಲೆ ಕೈ ತೊಳೆಸಿ. ಶೆಟ್ಟಿ-ಶೆಟ್ಟಮ್ಮನ ಅಂಗಡಿಯನ್ನು ಪೂರ್ತಿ ಅದಕ್ಕೇ ಬಿಡಿ: ಅಕ್ಕಿ, ಬೇಳೆ, ಬೆಲ್ಲದ ಗುಡ್ಡೆ ಹಾಕಲಿ. ಗೊಂಬೆಗಳ ಮುಂದೆ ಮಾಡುವ ಪುಟ್ಟ ಪಾರ್ಕಿಗೆ ರಾಗಿ, ಸಾಸಿವೆ ಬಿತ್ತಿಸಿ. ಪಾಡ್ಯಕ್ಕೆ ಹಸಿರಾಗಬೇಕಾದರೆ ಐದಾರು ದಿನ ಮುಂಚೆ ತಟ್ಟೆಯಲ್ಲಿ ಅರ್ಧ ಇಂಚು ಮಣ್ಣು ಸಾಕು. ನೀರು ಚಿಮುಕಿಸಬೇಕು, ಸುರಿದರೆ ಬೀಜ ಕೊಳೆಯುತ್ತದೆ. ಸಂಜೆ ಗೊಂಬೆ ಆರತಿಗೆ ಓಣಿಯ ಮಕ್ಕಳು ಬಂದಾಗ ಬಾಗಿನದ ಚಕ್ಕುಲಿ, ಕೊಬ್ಬರಿ ಮಿಠಾಯಿ ಹಂಚುವ ಕೆಲಸವೂ ಅದರದೇ ಇರಲಿ.

ಕೈಯಲ್ಲಿ ಹಿಡಿದು ಆಡಲು ಚನ್ನಪಟ್ಟಣದ್ದು ಕೊಡಿಸಿ. ಆಲೆ ಮರವನ್ನು ಕಡೆಯುತ್ತಾ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸಿ, ತಾಳೆಗರಿಯಿಂದ ಮೆರುಗು ಕೊಟ್ಟದ್ದು. ಮಗು ಬಾಯಿಗೆ ಹಾಕಿದಾಗ ಸ್ಯಾನಿಟೈಸರ್‌ನಿಂದ ಒರೆಸುತ್ತಾರೆ, ಅರಗು ಅಂಟಂಟಾಗುತ್ತದೆ. ಹಿಂಡಿದ ಒದ್ದೆ ಬಟ್ಟೆ ಸಾಕು. ಮೂರು ವರ್ಷದೊಳಗಿನ ತಮ್ಮ-ತಂಗಿ ಇದ್ದರೆ 3.2 ಸೆಂಟಿಮೀಟರ್‌ಗಿಂತ ಸಣ್ಣ ಬಿಡಿಭಾಗ ಇರುವುದನ್ನು ತರಬೇಡಿ.

ವಿಜಯದಶಮಿ ರಾತ್ರಿ ಜೋಡಿಯನ್ನು ಮಲಗಿಸಿ ಮರುದಿನ ಕಟ್ಟುವಾಗ ಬಟ್ಟೆ ಬಿಚ್ಚಿ ಬೇರೆ ಇಡಿ. ಗೊಂಬೆಗೆ ಒಗೆದ ಮಲ್ ಬಟ್ಟೆ ಸುತ್ತಿ. ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತದೆ. ನುಸಿಗುಳಿಗೆ ಮಗುವಿರುವ ಮನೆಗೆ ವಿಷ, ಅದರ ಬದಲು ಬಜೆ ಬೇರಿನ ತುಂಡುಗಳನ್ನು ಚೀಲಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಡಿ. ಆಷಾಢದ ಮಳೆಯಲ್ಲಿ ಒಮ್ಮೆ ಪೆಟ್ಟಿಗೆ ತೆರೆದು ರಾಜನ ಬುಡದ ಕೆಳಗೆ ಹಿಟ್ಟು ಬಿದ್ದಿದೆಯೇ ನೋಡಿ.