ಎರಡು ಬಣ್ಣದ ಗ್ರ್ಯಾನಿ ಸ್ಕ್ವೇರ್: ಒಂದೇ ಬಣ್ಣ ಬೇಗ ಖಾಲಿಯಾಗ್ತಿದೆ, ಚೌಕ ಸೊಟ್ಟಗಾಗ್ತಿದೆ

ಕೇಳಿದ್ದು

ನಮಸ್ಕಾರ. ಸೀರೆ ಕುಚ್ಚಿಗೆ ಕ್ರೋಶಾ ಹಾಕಿ ಅಭ್ಯಾಸ ಇದೆ, ಉಲ್ಲನ್ ಹಿಡಿದದ್ದು ಇದೇ ಮೊದಲು. ತಂಗಿ ಬಾಣಂತನಕ್ಕೆ ಮನೆಗೆ ಬರ್ತಾಳೆ, ಮಗುವಿಗೊಂದು ಹೊದಿಕೆ ಮಾಡುವ ಆಸೆ. ಕೆನೆ ಬಣ್ಣ, ಕಡುನೀಲಿ ಎರಡೇ. ನಾಲ್ಕು ಸುತ್ತಿನ ಗ್ರ್ಯಾನಿ ಸ್ಕ್ವೇರ್, ಅಂದರೆ ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ಹೆಣೆಯುವ ಚೌಕ: ಒಂದು ಸುತ್ತು ಕೆನೆ, ಒಂದು ಸುತ್ತು ನೀಲಿ. ಎರಡೂ ಸಮ ತಂದಿದ್ದೆ, ನೀಲಿ ಬೇಗ ಖಾಲಿಯಾಗ್ತಿದೆ. ಚೌಕ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಹಿಂದೆ ನೇತಾಡುವ ನೂಲಿನ ತುದಿಗಳಂತೂ ಹೇಳತೀರದು. ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.

ಮೈಸೂರಿನಿಂದ

ನೀಲಿ ಖಾಲಿಯಾಗುವುದಕ್ಕೂ ತುದಿಗಳಿಗೂ ಮೂಲ ಒಂದೇ: ಬಣ್ಣ ಎಲ್ಲಿ ಬದಲಿಸುತ್ತೀರಿ, ಹೇಗೆ ಬದಲಿಸುತ್ತೀರಿ ಅನ್ನುವುದು. ತಿರುಚುವುದಕ್ಕೆ ಕಾರಣ ಬೇರೆ. ಎರಡನ್ನೂ ಮೊದಲೇ ಯೋಚಿಸಿಕೊಂಡರೆ ಎಲ್ಲವೂ ಸರಿಹೋಗುತ್ತದೆ.

ನೂಲಿನ ಲೆಕ್ಕ ನೋಡಿ. ಮೊದಲ ಸುತ್ತಿನಲ್ಲಿ ಮೂರು ಮೂರು ಕಂಬದ (ಕ್ರೋಶಾ ಕಡ್ಡಿಗೆ ಒಮ್ಮೆ ನೂಲು ಸುತ್ತಿಕೊಂಡು ಹಾಕುವ ಉದ್ದ ಹೊಲಿಗೆ) ನಾಲ್ಕು ಗುಂಪು, ಅಂದರೆ 12 ಕಂಬ. ಪ್ರತಿ ಸುತ್ತಿಗೆ 12 ಜಾಸ್ತಿಯಾಗುತ್ತಾ 24, 36, 48 ಆಗುತ್ತದೆ. ಕೆನೆ ಬಣ್ಣದ ಒಂದನೇ, ಮೂರನೇ ಸುತ್ತು ಸೇರಿ 48 ಕಂಬ. ನೀಲಿಯ ಎರಡನೇ, ನಾಲ್ಕನೇ ಸುತ್ತು ಸೇರಿ 72. ಕೆನೆ ಎರಡು ಉಂಡೆ ಬೇಕಾದ ಕಡೆ ನೀಲಿ ಮೂರು ಉಂಡೆ ಬೇಕು. ಜೋಡಿಸುವುದೂ ನೀಲಿಯಲ್ಲೇ ಆದರೆ ಇನ್ನೂ ಜಾಸ್ತಿ. ನಾಲ್ಕೈದು ಚೌಕ ಹೆಣೆಯುವ ಮುಂಚೆ ಎರಡೂ ಉಂಡೆ ತೂಕ ಮಾಡಿ, ಆದ ಮೇಲೆ ಮತ್ತೆ ಮಾಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದು ಚೌಕಕ್ಕೆ ಎಷ್ಟು ಗ್ರಾಂ ಹೋಗುತ್ತದೆ ಅನ್ನುವುದು ಗೊತ್ತಾಗುತ್ತದೆ. ಬೇಕಾದಷ್ಟನ್ನು ಒಂದೇ ಸಲ ತನ್ನಿ. ಲೇಬಲ್ ಮೇಲಿನ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರ್) ಬೇರೆಯಾದರೆ ನೀಲಿಯಲ್ಲೇ ಎರಡು ನೀಲಿ ಕಾಣುತ್ತದೆ.

ತಿರುಚುವುದಕ್ಕೆ ಕಾರಣ ಕಂಬದ ಓರೆ. ಕಂಬದ ತಲೆ ಅದರ ಬುಡದ ನೇರಕ್ಕೆ ಕೂರುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಕೂರುತ್ತದೆ. ಯಾವಾಗಲೂ ಒಂದೇ ಮುಖದಿಂದ ಹೆಣೆಯುತ್ತಾ ಹೋದರೆ ಆ ಓರೆ ಸುತ್ತಿನಿಂದ ಸುತ್ತಿಗೆ ಕೂಡಿಕೊಳ್ಳುತ್ತದೆ. ಪ್ರತಿ ಸುತ್ತು ಮುಗಿದ ಮೇಲೆ ಚೌಕವನ್ನು ಮಗುಚಿ, ಮುಂದಿನ ಸುತ್ತನ್ನು ಹಿಂಬದಿಯಿಂದ ಹೆಣೆಯಿರಿ. ಒಂದು ಸುತ್ತಿನ ಓರೆಯನ್ನು ಮುಂದಿನದು ಸರಿಮಾಡುತ್ತದೆ. ಹೊಸ ಬಣ್ಣವನ್ನು ಪ್ರತಿ ಸಲ ಬೇರೆ ಮೂಲೆಯಿಂದ ಶುರು ಮಾಡಿ. ಒಂದೇ ಮೂಲೆಯಿಂದ ಶುರು ಮಾಡಿದರೆ ಆ ಕಡೆ ಗೆರೆ ಬಿದ್ದಂತೆ ಕಾಣುತ್ತದೆ.

ಇನ್ನು ತುದಿಗಳು. ಪ್ರತಿ ಸುತ್ತಿಗೆ ನೂಲು ಕತ್ತರಿಸಿದರೆ ಒಂದು ಚೌಕಕ್ಕೆ ಎಂಟು ತುದಿ. ನಿಮ್ಮ ಚೌಕ 10 ಸೆಂ.ಮೀ. ಬರುತ್ತದೆ ಅಂದುಕೊಳ್ಳೋಣ. 60 x 80 ಸೆಂ.ಮೀ. ಹೊದಿಕೆಗೆ 48 ಚೌಕ ಬೇಕು, ಅಂದರೆ 384 ತುದಿ! ಅದಕ್ಕೇ ನನಗೆ ಎರಡು ಬಣ್ಣ ಅಂದರೆ ಅರ್ಧ-ಅರ್ಧ ಚೌಕವೇ ಇಷ್ಟ. ಕರ್ಣದ ಆ ಕಡೆ ಕೆನೆ, ಈ ಕಡೆ ನೀಲಿ. ನಡುವೆ ನೂಲು ಕತ್ತರಿಸುವುದೇ ಇಲ್ಲ.

ಮಾಡುವುದು ಹೀಗೆ. ಮೊದಲು ನೂಲಿನ ಉಂಗುರ ಮಾಡಿ, ಅದರೊಳಗೆ ಕೆನೆಯಲ್ಲಿ ಮೂರು ಚೈನ್ (ಸರಪಳಿ ಕುಣಿಕೆ; ಇದೇ ಮೊದಲ ಕಂಬ), ಎರಡು ಕಂಬ, ಮೂಲೆಗೆ ಎರಡು ಚೈನ್, ಮತ್ತೆ ಮೂರು ಕಂಬ. ಈಗ ಬಣ್ಣ ಬದಲಿಸುವ ಮೂಲೆ: ಒಂದು ಚೈನ್ ಕೆನೆಯಲ್ಲಿ, ಇನ್ನೊಂದು ಚೈನ್ ನೀಲಿಯಲ್ಲಿ ಎಳೆಯಿರಿ. ಕೆನೆ ನೂಲನ್ನು ಅಲ್ಲೇ ಬಿಡಿ. ನೀಲಿಯಲ್ಲಿ ಮೂರು ಕಂಬ, ಎರಡು ಚೈನ್, ಮೂರು ಕಂಬ, ಎರಡು ಚೈನ್ ಹಾಕಿ, ಮೊದಲಿನ ಮೂರು ಚೈನಿನ ತಲೆಗೆ ಸ್ಲಿಪ್ ಸ್ಟಿಚ್ (ನೂಲನ್ನು ನೇರ ಕುಣಿಕೆಯೊಳಗಿಂದ ಎಳೆದು ಸೇರಿಸುವುದು). ಚೌಕ ಮಗುಚಿ. ಕಡ್ಡಿಯಲ್ಲಿ ನೀಲಿ ಇದೆ, ಎದುರಿಗೂ ನೀಲಿ ಅರ್ಧವೇ ಬರುತ್ತದೆ. ಪಕ್ಕದ ಮೂಲೆಯ ಜಾಗಕ್ಕೆ ಸ್ಲಿಪ್ ಸ್ಟಿಚ್ ಹಾಕಿ ಹೋಗಿ, ಮೂರು ಚೈನ್, ಎರಡು ಕಂಬ. ಮುಂದಿನ ಮೂಲೆಯಲ್ಲಿ ಮೂರು ಕಂಬ, ಎರಡು ಚೈನ್, ಮೂರು ಕಂಬ. ಅದರ ಮುಂದಿನ ಮೂಲೆಗೆ ಬಂದಾಗ ಬಿಟ್ಟಿದ್ದ ಕೆನೆ ನೂಲು ಅಲ್ಲೇ ಕಾದಿರುತ್ತದೆ. ನೀಲಿಯಲ್ಲಿ ಮೂರು ಕಂಬ, ಒಂದು ಚೈನ್. ಕೆನೆಯಲ್ಲಿ ಒಂದು ಚೈನ್, ಮೂರು ಕಂಬ. ಹಾಗೇ ಕೆನೆ ಅರ್ಧವನ್ನು ಮುಗಿಸಿ, ಶುರು ಮಾಡಿದ ಮೂಲೆಯಲ್ಲೇ ಮೂರು ಕಂಬ, ಎರಡು ಚೈನ್ ಹಾಕಿ ಸೇರಿಸಿ, ಮಗುಚಿ.

ಒಂದು ಸೂಕ್ಷ್ಮ ಇದೆ. ಬಿಟ್ಟ ನೂಲು ಯಾವಾಗಲೂ ಚೌಕದ ಹಿಂಬದಿಗೇ ಇರಬೇಕು. ನಾವು ಮಗುಚುತ್ತಾ ಹೋಗುವುದರಿಂದ ಒಂದು ಸುತ್ತಿನಲ್ಲಿ ಅದನ್ನು ಆಚೆ ಬಿಡಬೇಕು, ಮರುಸುತ್ತಿನಲ್ಲಿ ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಇದು ಕೈಗೆ ಕೂತರೆ ಮುಂಬದಿಯ ಕರ್ಣ ಗೆರೆ ಎಳೆದ ಹಾಗೆ ಬರುತ್ತದೆ.

ಇದರಲ್ಲಿ ಎರಡೂ ಬಣ್ಣಕ್ಕೆ ಸಮ ನೂಲು. ತುದಿ ನಾಲ್ಕೇ. ಮಗುಚುವುದು ಹೇಗೂ ಇದ್ದೇ ಇದೆ, ತಿರುಚುವುದಿಲ್ಲ. 48 ಚೌಕ ಆದ ಮೇಲೆ ಜೋಡಣೆಯಂತೂ ಹಬ್ಬ! ನೆಲದ ಮೇಲೆ ಹರಡಿ ತಿರುಗಿಸಿ ತಿರುಗಿಸಿ ನೋಡಿ: ಗಾಳಿಪಟ, ಅಲೆ, ಗಿರಗಟ್ಟಲೆ, ಏನು ಬೇಕಾದರೂ ಆಗುತ್ತದೆ. ಒಪ್ಪುವ ಜೋಡಣೆ ಸಿಕ್ಕ ತಕ್ಷಣ ಫೋಟೋ ತೆಗೆದಿಡಿ. ಎತ್ತಿಟ್ಟ ಮೇಲೆ ನೆನಪಿರಲ್ಲ.

ದಾವಣಗೆರೆಯಿಂದ

ನಾನೂ ಕುಚ್ಚಿನಿಂದಲೇ ಉಲ್ಲನ್‌ಗೆ ಬಂದವಳು, ಅದಕ್ಕೇ ಬರೀತಿದ್ದೀನಿ. ಕುಚ್ಚಿನ ರೇಷ್ಮೆ ದಾರವನ್ನು ನಾವು ಬಿಗಿಯಾಗಿ ಎಳೆದು ಎಳೆದು ಹಾಕುತ್ತೇವೆ, ಅಲ್ವಾ? ಆ ಕೈ ಉಲ್ಲನ್‌ಗೆ ಆಗುವುದಿಲ್ಲ. ಚೌಕ ಬಟ್ಟಲಿನ ಹಾಗೆ ಮೇಲೇಳುತ್ತಿದ್ದರೆ ಅದು ತಿರುಚುವುದಲ್ಲ, ಕೈ ಬಿಗಿ. ಮೂಲೆಯ ಚೈನ್ ಎರಡರ ಬದಲು ಮೂರು ಮಾಡಿ, ಇಲ್ಲವೇ ಕಡ್ಡಿಯನ್ನು ಅರ್ಧ ಮಿ.ಮೀ. ದಪ್ಪ ತಗೊಳ್ಳಿ. ಮಧ್ಯಮ ದಪ್ಪದ ನೂಲಿಗೆ 4 ಮಿ.ಮೀ. ಸರಿಹೋಗುತ್ತದೆ. ಕಂಬದ ಮೊದಲ ಕುಣಿಕೆಯನ್ನು ಧಾರಾಳವಾಗಿ ಮೇಲಕ್ಕೆಳೆಯಿರಿ. ಕಂಬದ ಎತ್ತರ ಬರುವುದೇ ಅಲ್ಲಿ.

ಧಾರವಾಡದಿಂದ

ಅಕ್ಕಾರ, ಬಾಣಂತಿ ಮನೆ ಹೊದಿಕೆ ಅಂದ್ರ ವಾರಕ್ಕೆ ಮೂರು ಸಲ ಒಗಿಯೋದರಿ. ಹಾಗಾಗಿ ನೂಲಿನ ಬಗ್ಗೆ ಎರಡು ಮಾತು.

ಕಾಟನ್ ಆದರೆ ಕಡುನೀಲಿಯನ್ನು ಮೊದಲು ಪರೀಕ್ಷೆ ಮಾಡಿ. ಒಂದು ಮೊಳ ನೂಲನ್ನು ಬಿಸಿನೀರಲ್ಲಿ ನೆನೆಸಿ, ಬಿಳಿ ಬಟ್ಟೆಯ ನಡುವೆ ಒತ್ತಿ ಹಿಡಿಯಿರಿ. ಬಣ್ಣ ಬಿಟ್ಟರೆ ಆ ನೂಲು ಕೆನೆ ಬಣ್ಣದ ಪಕ್ಕ ಬೇಡವೇ ಬೇಡ. ಅಕ್ರಿಲಿಕ್ ಉಲ್ಲನ್‌ಗೆ ಈ ಭಯ ಕಡಿಮೆ, ಆದರೆ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಡಬಾರದು. ಬಿಸಿಗೆ ನೂಲು ಕರಗಿ ಚಪ್ಪಟೆಯಾಗುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ. ಚೌಕಗಳನ್ನು ಸಮ ಮಾಡಲು ಥರ್ಮಾಕೋಲ್ ಹಾಳೆಯ ಮೇಲೆ ತುಕ್ಕು ಹಿಡಿಯದ ಪಿನ್ನು ಚುಚ್ಚಿ, ನೀರು ಚಿಮುಕಿಸಿ ಒಣಗಲು ಬಿಡಿ.

ತುದಿಗೆ ಗಂಟು ಹಾಕಿ ಕತ್ತರಿಸಬೇಡಿ. ಅಕ್ರಿಲಿಕ್ ಜಾರುತ್ತದೆ, ಒಗೆತಕ್ಕೆ ಗಂಟು ಬಿಚ್ಚಿಕೊಳ್ಳುತ್ತದೆ. ಎಳೆ ಹೊರಗೆ ಬಂದರೆ ಕೂಸಿನ ಬೆರಳಿಗೆ ಸುತ್ತಿಕೊಳ್ಳುತ್ತದೆ. 15 ಸೆಂ.ಮೀ. ಬಿಟ್ಟು, ದೊಡ್ಡ ಕಣ್ಣಿನ ಸೂಜಿಯಲ್ಲಿ ಅದೇ ಬಣ್ಣದ ಕಂಬಗಳೊಳಗೆ ಒಂದು ದಿಕ್ಕಿಗೆ ಹೋಗಿ, ಒಂದು ಎಳೆ ದಾಟಿ, ವಾಪಸ್ ಬನ್ನಿ. ಆಮೇಲೆ ಮತ್ತೊಮ್ಮೆ ಮೊದಲಿನ ದಿಕ್ಕಿಗೆ. ಒಂದೊಂದು ಚೌಕ ಮುಗಿದಾಗಲೇ ಮಾಡಿಬಿಡಿ, ಕೊನೆಗೆ ಇಟ್ಟುಕೊಳ್ಳಬೇಡಿ.

ಕೇಳಿದವರು

ತುಂಬಾ ಥ್ಯಾಂಕ್ಸ್! ಅರ್ಧ-ಅರ್ಧ ಚೌಕ ಒಂದು ಮಾಡಿ ನೋಡಿದೆ, ಕರ್ಣ ಚೆನ್ನಾಗಿ ಬಂತು. ಆದರೆ ಸುತ್ತು ಬಣ್ಣದ ಚೌಕಗಳು ಹೊದಿಕೆಯ ಅರ್ಧದಷ್ಟು ಆಗಿಹೋಗಿವೆ. ಅವನ್ನೆಲ್ಲ ಬಿಚ್ಚಬೇಕಾ?

ಮೈಸೂರಿನಿಂದ

ಖಂಡಿತ ಬೇಡ. ಸ್ವಲ್ಪ ತಿರುಚಿದ್ದು ಪಿನ್ನು ಚುಚ್ಚಿ ಒಣಗಿಸಿದಾಗ, ಆಮೇಲೆ ಜೋಡಿಸಿದಾಗ ನೇರವಾಗುತ್ತದೆ. ಉಳಿದರ್ಧ ಚೌಕಗಳನ್ನು ಬಣ್ಣ ಅದಲುಬದಲು ಮಾಡಿ ಹೆಣೆಯಿರಿ: ನೀಲಿಯಿಂದ ಶುರು, ಕೆನೆಯಲ್ಲಿ ಮುಕ್ತಾಯ. ಆಗ ಒಟ್ಟಿನಲ್ಲಿ ಎರಡೂ ಬಣ್ಣ ಸಮ ಆಗುತ್ತದೆ. ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದು ಇಡಿ. ಅರ್ಧ-ಅರ್ಧದ್ದನ್ನು ಇವುಗಳ ಜೊತೆ ಬೆರೆಸಬೇಡಿ, ಗಜಿಬಿಜಿ ಆಗುತ್ತದೆ. ಅದನ್ನು ದಿಂಬಿನ ಕವರ್‌ಗೆ ಇಟ್ಟುಕೊಳ್ಳಿ.

ಜೋಡಣೆ ಎಲ್ಲವೂ ಒಂದೇ ಬಣ್ಣದಲ್ಲಿ ಇರಲಿ. ನಾನಾದರೆ ಕೆನೆಯಲ್ಲೇ ಮಾಡುತ್ತೇನೆ, ನೀಲಿಯಲ್ಲಿ ಮಾಡಿದರೆ ಕೆನೆ ಅಂಚಿನ ಚೌಕಗಳಲ್ಲಿ ಹೊಲಿಗೆ ಎದ್ದು ಕಾಣುತ್ತದೆ. ಸುತ್ತಲಿನ ಅಂಚಿಗೆ ಎರಡು ಸಾಲು ನೀಲಿ ಹಾಕಿ. ಅದಕ್ಕೊಂದು ಉಂಡೆಯನ್ನು ಈಗಲೇ ತೆಗೆದು ಬೇರೆ ಇಡಿ, ಚೌಕಗಳಿಗೆ ಅದನ್ನು ಮುಟ್ಟಬೇಡಿ.