ವೆದರ್ ಮತ್ತು ಕ್ಲೈಮೇಟ್: ಎರಡನ್ನೂ ‘ಹವಾಮಾನ’ ಎನ್ನುವುದು ಸರಿಯೇ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ)

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ‘ಇವತ್ತು ಕ್ಲೈಮೇಟ್ ಬಹಳ ಚೆನ್ನಾಗಿದೆ’ ಎಂಬ ಮಾತನ್ನು ಮಕ್ಕಳು ಮನೆಯಲ್ಲೂ ಬಸ್ಸಿನಲ್ಲೂ ದಿನವೂ ಕೇಳುತ್ತಾರೆ. ಪಠ್ಯಪುಸ್ತಕದ ಪ್ರಕಾರ ವೆದರ್ ಎಂದರೆ ಹವಾಮಾನ, ಕ್ಲೈಮೇಟ್ ಎಂದರೆ ವಾಯುಗುಣ. ಆದರೆ ಪತ್ರಿಕೆ ತೆರೆದರೆ ನಾಳೆಯ ಮಳೆಯನ್ನು ತಿಳಿಸುವುದೂ ‘ಹವಾಮಾನ’ ಇಲಾಖೆ, ಭೂಮಿ ಬಿಸಿಯಾಗುತ್ತಿರುವ ಸುದ್ದಿಯ ತಲೆಬರಹವೂ ‘ಹವಾಮಾನ ಬದಲಾವಣೆ’. ಇದೇ ಗೊಂದಲದಲ್ಲಿ ಒಬ್ಬ ವಿದ್ಯಾರ್ಥಿ, ‘ನಾಳೆಯ ಮಳೆಯನ್ನೇ ಖಚಿತವಾಗಿ ಹೇಳಲಾಗದವರು 2100ನೇ ಇಸವಿಯ ಬಿಸಿಲನ್ನು ಹೇಗೆ ಹೇಳುತ್ತಾರೆ?’ ಎಂದು ಕೇಳಿದ್ದಾನೆ. ಅವನಿಗೆ ಸರಿಯಾದ ಉತ್ತರ ಕೊಡಬೇಕಾಗಿದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ನಿವೃತ್ತ ಭೂಗೋಳ ಉಪನ್ಯಾಸಕ)

ಮೇಡಂ, ಪಠ್ಯಪುಸ್ತಕದ ಪದಗಳೇ ಸರಿ, ಅವನ್ನು ಬಿಡಬೇಡಿ. ಒಂದು ಊರಿನಲ್ಲಿ ಈ ಹೊತ್ತು, ಇಂದು ಅಥವಾ ಈ ವಾರ ಇರುವ ಬಿಸಿಲು, ಗಾಳಿ, ಮೋಡ, ಮಳೆ, ತೇವಾಂಶಗಳ ಸ್ಥಿತಿ ವೆದರ್. ಅದೇ ಊರಿನಲ್ಲಿ ದಶಕಗಳ ಕಾಲ ಅಳೆದ ಇಂಥ ಸ್ಥಿತಿಗಳ ಸರಾಸರಿ, ಏರಿಳಿತ ಮತ್ತು ವಿಪರೀತಗಳೆಲ್ಲ ಸೇರಿದ ಚಿತ್ರ ಕ್ಲೈಮೇಟ್. ಇದಕ್ಕೆ ವಿಶ್ವ ಹವಾಮಾನ ಸಂಸ್ಥೆ 30 ವರ್ಷಗಳ ಅವಧಿಯನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ. ಈಗ ಬಳಕೆಯಲ್ಲಿರುವುದು 1991ರಿಂದ 2020ರ ಅವಧಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಕಾರಣ ಅಲ್ಲಿ ಬೇಸಿಗೆ ಕಲಬುರಗಿಯಷ್ಟು ಕಠಿಣವಲ್ಲ ಎಂಬುದು ವಾಯುಗುಣದ ಮಾತು. 2016ರ ಏಪ್ರಿಲ್‌ನಲ್ಲಿ ಒಂದು ದಿನ ಅದೇ ಬೆಂಗಳೂರಿನಲ್ಲಿ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು ಎಂಬುದು ಹವಾಮಾನದ ಮಾತು. ಆದ್ದರಿಂದ ‘ಇವತ್ತು’ ಎಂಬ ಪದದ ಪಕ್ಕದಲ್ಲಿ ‘ಕ್ಲೈಮೇಟ್’ ಬಂದರೆ ಅದು ತಪ್ಪು ಬಳಕೆಯೇ.

ನಮ್ಮ ಪದಗಳೂ ಈ ಭೇದವನ್ನು ಚೆನ್ನಾಗಿ ಹಿಡಿದಿವೆ. ‘ಮಾನ’ ಎಂದರೆ ಅಳತೆ, ಉಪಕರಣ ಹಿಡಿದು ಇಂದೇ ತೆಗೆದುಕೊಳ್ಳಬಹುದು. ‘ಗುಣ’ ತಿಳಿಯಬೇಕಾದರೆ ಬಹುಕಾಲದ ಒಡನಾಟ ಬೇಕು. ಇಷ್ಟು ಒಳ್ಳೆಯ ಜೋಡಿಯಿದ್ದೂ ಪತ್ರಿಕೆಗಳು ಒಂದೇ ಪದದಲ್ಲಿ ಎರಡನ್ನೂ ಮುಗಿಸುವುದು ನನಗೆ ಬೇಸರದ ಸಂಗತಿ.

ಉತ್ತರ 2 (ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ)

ಆ ವಿದ್ಯಾರ್ಥಿಯ ಪ್ರಶ್ನೆ ನಿಜಕ್ಕೂ ಆಳವಾದದ್ದು, ಅವನಿಗೆ ಅಭಿನಂದನೆ ತಿಳಿಸಿ. ವಾತಾವರಣದ ಇಂದಿನ ಸ್ಥಿತಿಯನ್ನು ಅಳೆಯುವಾಗ ಉಳಿಯುವ ಅತಿ ಸಣ್ಣ ದೋಷವೂ ದಿನದಿಂದ ದಿನಕ್ಕೆ ಬೆಳೆದು, ಸುಮಾರು ಎರಡು ವಾರಗಳಾಚೆಗೆ ಮುನ್ಸೂಚನೆಯನ್ನು ನಿರುಪಯೋಗಿಯಾಗಿಸುತ್ತದೆ. ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲಿ ಪ್ರಕಟಿಸಿದ ಲೇಖನ ಈ ತಿಳಿವಳಿಕೆಗೆ ಬುನಾದಿ ಹಾಕಿತು. ವಾಯುಗುಣದ ಲೆಕ್ಕಾಚಾರ ಬೇರೆಯದೇ ಪ್ರಶ್ನೆಯನ್ನು ಕೇಳುತ್ತದೆ. 2100ರ ಮೇ ತಿಂಗಳ ಇಂಥ ದಿನ ಎಷ್ಟು ಬಿಸಿಲು ಎಂದು ಅದು ಹೇಳುವುದಿಲ್ಲ. ಸೂರ್ಯನಿಂದ ಬರುವ ಶಕ್ತಿ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್, ಸಾಗರಗಳು ಹೀರಿಕೊಳ್ಳುವ ಶಾಖ ಇವು ಹೀಗೆ ಬದಲಾದರೆ ಆ ಕಾಲದ ಮೇ ತಿಂಗಳುಗಳು ಒಟ್ಟಾರೆ ಎಷ್ಟು ಬಿಸಿಯಾಗಿರುತ್ತವೆ ಎಂದಷ್ಟೇ ಹೇಳುತ್ತದೆ.

ತರಗತಿಯಲ್ಲಿ ಚೌಕಾಬಾರದ ಕವಡೆಗಳನ್ನು ತೋರಿಸಿ. ಮುಂದಿನ ಎಸೆತದಲ್ಲಿ ಎಷ್ಟು ಬೀಳುತ್ತದೆಂದು ಯಾರೂ ಹೇಳಲಾರರು. ಆದರೆ ಕವಡೆಗಳ ಒಂದು ಬದಿಗೆ ಮೇಣ ಅಂಟಿಸಿ ಭಾರ ಮಾಡಿದರೆ, ನೂರಾರು ಎಸೆತಗಳಲ್ಲಿ ಯಾವ ಸಂಖ್ಯೆ ಹೆಚ್ಚಾಗುತ್ತದೆಂದು ಮೊದಲೇ ಹೇಳಬಹುದು.

ಉತ್ತರ 3 (ಕೃಷಿಕ, ಧಾರವಾಡ ಕಡೆಯವರು)

ಮೇಲಿನವರು ಹೇಳಿದ ಭೇದ ರೈತರಿಗೆ ಹೊಸದಲ್ಲ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ತಲೆಮಾರುಗಳ ಅನುಭವದಿಂದ ಹುಟ್ಟಿದ್ದು, ಅಂದರೆ ವಾಯುಗುಣದ ಜ್ಞಾನ. ಒಂದೊಂದು ಮಳೆ ನಕ್ಷತ್ರ ಹದಿಮೂರು ಹದಿನಾಲ್ಕು ದಿನ ನಡೆಯುತ್ತದೆ. ಅದರೊಳಗೆ ಯಾವ ದಿನ ಕೂರಿಗೆ ಹೂಡಬೇಕೆಂಬುದನ್ನು ಮುಗಿಲನ್ನೂ ನೆಲದ ಹಸಿಯನ್ನೂ ನೋಡಿಯೇ ತೀರ್ಮಾನಿಸಬೇಕು, ಅದು ಹವಾಮಾನ. ಒಂದು ವರ್ಷ ರೋಹಿಣಿ ಕೈಕೊಟ್ಟರೆ ನಾವು ಪಂಚಾಂಗವನ್ನು ತಿದ್ದುವುದಿಲ್ಲ. ವರ್ಷಾನುಗಟ್ಟಲೆ ಹಾಗೆಯೇ ಆಗುತ್ತ ಹೋದರೆ ಮಾತ್ರ ಬಿತ್ತನೆಯ ಕಾಲವನ್ನೂ ತಳಿಯನ್ನೂ ಬದಲಿಸಬೇಕಾಗುತ್ತದೆ.

ಶಿಕ್ಷಕಿಯ ಮರುಪ್ರಶ್ನೆ

ಎಲ್ಲರಿಗೂ ಧನ್ಯವಾದಗಳು. ಕವಡೆಯನ್ನೂ ಗಾದೆಯನ್ನೂ ಖಂಡಿತ ಬಳಸುತ್ತೇನೆ. ಹಾಗಾದರೆ 2024ರಲ್ಲಿ ಭೂಮಿಯ ಉಷ್ಣಾಂಶದ ಏರಿಕೆ 1.5 ಡಿಗ್ರಿಯ ಗಡಿ ದಾಟಿತು ಎಂಬ ಸುದ್ದಿಯನ್ನು ಯಾವುದಕ್ಕೆ ಸೇರಿಸಬೇಕು?

ಉತ್ತರ 1ರವರ ಪ್ರತಿಕ್ರಿಯೆ

ಅದು ಎರಡರ ನಡುವೆ ನಿಲ್ಲುತ್ತದೆ, ಆದ್ದರಿಂದ ಮಕ್ಕಳಿಗೆ ಒಳ್ಳೆಯ ಅಭ್ಯಾಸವಾಗುತ್ತದೆ. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಂತೆ ಆ ವರ್ಷದ ಜಾಗತಿಕ ಸರಾಸರಿ, 1850ರಿಂದ 1900ರ ಅವಧಿಗಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತು. 2023ರಲ್ಲಿ ಆರಂಭವಾದ ಎಲ್ ನಿನೋದ, ಅಂದರೆ ಪೆಸಿಫಿಕ್ ಸಾಗರದ ಮೇಲ್ಮೈ ನೀರು ಆಗಾಗ ಬಿಸಿಯಾಗುವ ವಿದ್ಯಮಾನದ, ಪ್ರಭಾವವೂ ಅದರಲ್ಲಿ ಸೇರಿತ್ತು. ಭೂಮಿಯ ಬಿಸಿಯೇರಿಕೆ ತಡೆಯಲು ದೇಶಗಳು ಮಾಡಿಕೊಂಡ 2015ರ ಪ್ಯಾರಿಸ್ ಒಪ್ಪಂದದ 1.5 ಡಿಗ್ರಿ ಮಿತಿಯಾದರೋ ದಶಕಗಳ ಸರಾಸರಿಯನ್ನು ಕುರಿತದ್ದು. ಹೀಗಾಗಿ ಒಂದು ವರ್ಷ ಗಡಿ ದಾಟಿದ ಮಾತ್ರಕ್ಕೆ ಒಪ್ಪಂದದ ಮಿತಿ ಮುರಿಯಿತೆಂದು ಹೇಳಲಾಗದು. ಆದರೆ 2015ರಿಂದ 2024ರವರೆಗಿನ ಹತ್ತೂ ವರ್ಷಗಳು ಅಲ್ಲಿಯವರೆಗಿನ ದಾಖಲೆಯಲ್ಲೇ ಅತಿ ಬಿಸಿಯಾದ ಹತ್ತು ವರ್ಷಗಳಾಗಿದ್ದವು ಎಂಬುದನ್ನು ವಾಯುಗುಣದ ಪಟ್ಟಿಗೆ ನಿಸ್ಸಂಶಯವಾಗಿ ಸೇರಿಸಿ.