ರಾತ್ರಿ ಮೂರೂವರೆಗೆ ಅಮ್ಮನ ಶುಗರ್ 41. ಎಲ್ಲಿ ತಪ್ಪಿದೆವು?

ರಾಜಾಜಿನಗರದ ಮಗಳು | ಶುಕ್ರವಾರ, ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ರಾತ್ರಿಯೆಲ್ಲ ನಿದ್ದೆ ಇಲ್ಲ. ಬರೆಯೋದು ಹಿಂದೆಮುಂದೆ ಆದರೆ ಕ್ಷಮಿಸಿ.

ಅಮ್ಮನಿಗೆ 71 ವರ್ಷ. ಸಕ್ಕರೆ ಕಾಯಿಲೆ ಬಂದು 20 ವರ್ಷದ ಮೇಲಾಯಿತು, ಇನ್ಸುಲಿನ್ ಶುರುವಾಗಿ ಆರು ವರ್ಷ. ಬಿಪಿಗೆ ಮೆಟೊಪ್ರೊಲಾಲ್, ಥೈರಾಯ್ಡಿಗೆ ಬೇರೆ ಮಾತ್ರೆ. ಕಳೆದ ತಿಂಗಳು ಮೂತ್ರದ ಸೋಂಕಾಗಿ ಒಂದು ವಾರ ಆಸ್ಪತ್ರೆಯಲ್ಲಿದ್ದರು. ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.9 ಬಂದಿತ್ತು. ಮನೆಗೆ ಕಳಿಸುವಾಗ ಬಾಟಲಿ ಇನ್ಸುಲಿನ್ ಬಿಡಿಸಿ ಪೆನ್ ಬರೆದುಕೊಟ್ಟರು. 30/70 ಮಿಕ್ಸ್, ಬೆಳಿಗ್ಗೆ 16, ರಾತ್ರಿ 10. ಹದಿನೈದು ದಿನ ಏನೂ ತೊಂದರೆ ಇರಲಿಲ್ಲ.

ನಾನು ಕೆಲಸಕ್ಕೆ ಹೋಗುವವಳು. ಅದಕ್ಕೆ ಒಂದು ಏಜೆನ್ಸಿಯಿಂದ ಅಮ್ಮನನ್ನು ನೋಡಿಕೊಳ್ಳಲು ಹುಡುಗಿಯೊಬ್ಬಳು ಬರುತ್ತಾಳೆ. ನಿನ್ನೆ ರಾತ್ರಿ ಪೆನ್ನಿನ ಬಟನ್ ಎಷ್ಟು ಒತ್ತಿದರೂ ಕೆಳಗೆ ಹೋಗಲಿಲ್ಲ. ಹತ್ತಿರದ ಮೆಡಿಕಲ್ ಶಾಪಿನಲ್ಲಿ ಆ ಪೆನ್ ಇರಲಿಲ್ಲ. 'ಹಳೇ ಸಿರಿಂಜ್ ಇದೆಯಲ್ಲಾ ಅಕ್ಕ' ಅಂತ ಅವಳು ಪೆನ್ನಿನೊಳಗಿನ ಇನ್ಸುಲಿನ್ನನ್ನೇ ಸಿರಿಂಜಿಗೆ ಎಳೆದಳು. ಸರಿಯಾಗಿ 10ರ ಗೆರೆಗೆ. ನನಗೂ ತೋರಿಸಿಯೇ ಕೊಟ್ಟಳು. ಅಮ್ಮ ಊಟ ಸ್ವಲ್ಪ ಕಮ್ಮಿ ಮಾಡಿದರು. ಅರ್ಧ ಮುದ್ದೆ, ಬಸ್ಸಾರು, ಒಂದು ಲೋಟ ಮಜ್ಜಿಗೆ.

ರಾತ್ರಿ 3:30ಕ್ಕೆ ಅಮ್ಮ ಏನೋ ಮಾತಾಡುತ್ತಿರುವುದು ಕೇಳಿಸಿತು. 'ಮಲ್ಲೇಶ್ವರದ ಬಸ್ ಬಂತಾ, ಚೀಲ ಎಲ್ಲಿ' ಅನ್ನುತ್ತಿದ್ದರು. ಕನಸಿರಬೇಕು ಅಂತ ಸುಮ್ನೆ ಮಲಗಿಬಿಡುತ್ತಿದ್ದೆ. ಹೊದಿಕೆ ಸರಿಮಾಡೋಣ ಅಂತ ಕೈ ಇಟ್ಟರೆ ರವಿಕೆ ಬೆನ್ನಿಗೆ ಅಂಟಿಕೊಂಡು ಒದ್ದೆ, ದಿಂಬು ಒದ್ದೆ. ಫ್ಯಾನ್ ತಿರುಗುತ್ತಲೇ ಇತ್ತು. ಮೀಟರ್ 41 ತೋರಿಸಿತು. ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಹಾಕಿ ಕೂರಿಸಿ ಕುಡಿಸಿದೆ. ಕಾಲು ಗಂಟೆಗೆ 63. ಮತ್ತೆ ಕುಡಿಸಿದೆ, 98. ಆರು ಗಂಟೆಗೆ ನೋಡಿದರೆ ಮತ್ತೆ 66! ಸಕ್ಕರೆ ನೀರು ಕುಡಿಸಿ, ಇಡ್ಲಿ ತಿನ್ನಿಸಿದೆ. ಈಗ 112 ಇದೆ. ಬೆಳಗಿನ ಇಂಜೆಕ್ಷನ್ ಕೊಡಲು ಧೈರ್ಯ ಬರಲಿಲ್ಲ.

ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಡಾಕ್ಟರ್ ಸೋಮವಾರ ಬರುತ್ತಾರಂತೆ. 'ಊಟ ಸರಿಯಾಗಿ ಕೊಡಿ' ಅಂದರು ರಿಸೆಪ್ಷನ್‌ನವರು. ಊಟ ಕಮ್ಮಿಯಾಗಿದ್ದಕ್ಕೇ ಇಷ್ಟೊಂದು ಇಳಿಯುತ್ತಾ? ಇವತ್ತು ರಾತ್ರಿ ಅದೇ ಸಿರಿಂಜಿನಲ್ಲಿ 5 ಮಾತ್ರ ಕೊಡಲಾ, ನಿಲ್ಲಿಸಿಯೇ ಬಿಡಲಾ? ಇನ್ನೊಂದು: ಅಂಗಾಲು ಉರಿ, ಜೋಮು ಅಂತ ಅಮ್ಮ ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಾರೆ. ಪರವಾಗಿಲ್ಲ ಅಲ್ವಾ?

ಗಿಡಪ್ರಿಯ, ವಿಜಯನಗರ | 10:58

ನಿಲ್ಲಿಸಿಬಿಡಿ ಮೇಡಂ. ಈ ವಯಸ್ಸಿನಲ್ಲಿ ಇನ್ಸುಲಿನ್ ತಡೆಯಲ್ಲ. ನಮ್ಮ ತಾರಸಿಯಲ್ಲಿ ಇನ್ಸುಲಿನ್ ಗಿಡ ಇದೆ. ನಮ್ಮ ಅತ್ತೆ ದಿನಕ್ಕೆ ಒಂದು ಎಲೆ ಅಗಿದು ತಿನ್ನುತ್ತಾರೆ. ಬೇಕಾದರೆ ಸಸಿ ಕೊಡುತ್ತೇನೆ, ಬಂದು ತೆಗೆದುಕೊಂಡು ಹೋಗಿ.

ನಿವೃತ್ತ ಸಿಸ್ಟರ್, ಬನಶಂಕರಿ | 11:15

ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ಆ ಸಿರಿಂಜ್ ಕೈಗೆ ತೆಗೆದುಕೊಳ್ಳಿ ಅಮ್ಮಾ. ಮುಚ್ಚಳ ಕೆಂಪಗಿದೆಯಾ? ಮೇಲೆ ಯು-40 ಅಂತ ಅಚ್ಚಾಗಿದೆಯಾ? ಈಗ ಪೆನ್ನಿನ ಒಳಗಿನ ಗಾಜಿನ ಕಾರ್ಟ್ರಿಜ್ ನೋಡಿ. ಅಕ್ಷರ ತುಂಬಾ ಸಣ್ಣದು, ಬೆಳಕಿಗೆ ಹಿಡಿಯಿರಿ. ಅಲ್ಲಿ 100 ಅಂತ ಇರುತ್ತದೆ. ತಪ್ಪಾಗಿದ್ದು ಮುದ್ದೆಯಲ್ಲಿ ಅಲ್ಲ, ಇಲ್ಲಿ.

ನಮ್ಮಲ್ಲಿ ಬಾಟಲಿಯಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಒಂದು ಎಂಎಲ್‌ಗೆ 40 ಯೂನಿಟ್. ಪೆನ್ನಿನದು ಒಂದು ಎಂಎಲ್‌ಗೆ 100. ಕೆಂಪು ಮುಚ್ಚಳದ ಸಿರಿಂಜಿನ ಗೆರೆಗಳನ್ನು ಬಾಟಲಿಯ ಲೆಕ್ಕಕ್ಕೆ ಹಾಕಿರುತ್ತಾರೆ. ಅದರಲ್ಲಿ 10ರ ಗೆರೆ ಅಂದರೆ ಕಾಲು ಎಂಎಲ್. ಬಾಟಲಿ ಇನ್ಸುಲಿನ್ ಆಗಿದ್ದರೆ ಅದು 10 ಯೂನಿಟ್ಟೇ. ಪೆನ್ನಿನದನ್ನು ಎಳೆದರೆ ಅದೇ ಕಾಲು ಎಂಎಲ್‌ನಲ್ಲಿ 25 ಯೂನಿಟ್. ನಿನ್ನೆ ರಾತ್ರಿ ಅಮ್ಮನ ಮೈಗೆ ಹೋಗಿದ್ದು 25. ಇವತ್ತು ಬೆಳಿಗ್ಗೆ ಅದೇ ಸಿರಿಂಜಿನಲ್ಲಿ 16 ಕೊಟ್ಟಿದ್ದರೆ 40 ಹೋಗುತ್ತಿತ್ತು. ನಿಮ್ಮ ಕೈ ಹಿಂದೇಟು ಹಾಕಿದ್ದು ಒಳ್ಳೆಯದೇ ಆಯಿತು.

ಸೋಮವಾರದ ತನಕ ಕಾಯಬೇಡಿ. ಈಗಲೇ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಆ ಮಿಕ್ಸ್ ಇನ್ಸುಲಿನ್ನಿನಲ್ಲಿ ನಿಧಾನವಾಗಿ ಕೆಲಸ ಮಾಡುವ ಭಾಗವೇ ಜಾಸ್ತಿ. ಆರು ಗಂಟೆಗೆ ಮತ್ತೆ 66 ಆಗಿದ್ದು ಅದಕ್ಕೇ. ಕ್ರಿಯಾಟಿನಿನ್ 1.9 ಬೇರೆ. ಕಿಡ್ನಿ ಸೋತಾಗ ಇನ್ಸುಲಿನ್ ಮೈಯಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. 112 ಬಂತು ಅಂತ ಮೈಮರೆಯಬೇಡಿ. ಸಿರಿಂಜ್, ಪೆನ್, ಮಾತ್ರೆಗಳ ಚೀಟಿ, ಡಿಸ್ಚಾರ್ಜ್ ಸಮ್ಮರಿ ಎಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ. ಎಷ್ಟು ಗಂಟೆಗೆ ಎಷ್ಟಿತ್ತು ಅಂತ ಇಲ್ಲಿ ಬರೆದ ಹಾಗೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೋದ ತಕ್ಷಣ '10ರ ಬದಲು 25 ಹೋಗಿದೆ' ಅಂತ ಹೇಳಿ. ಗ್ಲೂಕೋಸ್ ಪುಡಿ ಕೈಯಲ್ಲೇ ಇರಲಿ.

ಎಲೆಯ ಬಗ್ಗೆ ಬರೆದವರಿಗೆ: ನಿಮ್ಮ ಮನಸ್ಸು ಒಳ್ಳೆಯದು, ಅದು ಗೊತ್ತಾಗುತ್ತದೆ. ಆದರೆ ಆರು ವರ್ಷದಿಂದ ಇಂಜೆಕ್ಷನ್ ಮೇಲಿರುವವರಿಗೆ ನಿಲ್ಲಿಸಿಬಿಡಿ ಅನ್ನಬೇಡಿ. ಎಲೆ ಇಂಜೆಕ್ಷನ್ನಿನ ಜಾಗಕ್ಕೆ ಬರುವುದಿಲ್ಲ. ಇಂಜೆಕ್ಷನ್ ನಿಲ್ಲಿಸಿ ಶುಗರ್ 500 ದಾಟಿ, ಮಾತು ನಿಂತು ಬಂದವರನ್ನು ನಾನು ವಾರ್ಡಿನಲ್ಲಿ ಎತ್ತಿ ಮಲಗಿಸಿದ್ದೇನೆ.

ರಾಜಾಜಿನಗರದ ಮಗಳು | 11:24

ಕೆಂಪೇ ಸಿಸ್ಟರ್. ಯು-40 ಅಂತಲೇ ಇದೆ. ಕಾರ್ಟ್ರಿಜ್ ಮೇಲೆ 100. ಕೈ ನಡುಗುತ್ತಿದೆ. ಆಟೋ ಬಂತು, ಹೊರಟೆವು.

ನಿವೃತ್ತ ಸಿಸ್ಟರ್, ಬನಶಂಕರಿ | ಸಂಜೆ 4:05

ಅವರು ಆಸ್ಪತ್ರೆಯಲ್ಲಿದ್ದಾರೆ, ಓದಲು ಪುರುಸೊತ್ತಾದಾಗ ಓದಲಿ. ಬೇರೆ ಮನೆಗಳಿಗೂ ಬೇಕಾದ ವಿಷಯ, ಅದಕ್ಕೆ ಬರೆಯುತ್ತಿದ್ದೇನೆ.

ಆ ಹುಡುಗಿಯನ್ನು ಬೈದು ಕಳಿಸಬೇಡಿ. ಅವಳು ಗೆರೆ ತೋರಿಸಿಯೇ ಕೊಟ್ಟಿದ್ದಾಳೆ. ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಬಾಟಲಿಯಿಂದ ಪೆನ್ನಿಗೆ ಬದಲಾಯಿಸುವ ದಿನವೇ 'ಮನೆಯಲ್ಲಿರುವ ಹಳೇ ಸಿರಿಂಜ್ ಎಸೆದುಬಿಡಿ' ಅಂತ ಹೇಳಿ ಕಳಿಸಬೇಕಿತ್ತು. ಅದು ನಮ್ಮಂಥವರ ಕೆಲಸ. ನಾನು ಕೆಲಸ ಮಾಡುತ್ತಿದ್ದ ವಾರ್ಡಿನಲ್ಲಿ ಇದರ ಉಲ್ಟಾ ಆಗಿತ್ತು. ಸ್ಟೋರಿನಿಂದ ಕಿತ್ತಳೆ ಮುಚ್ಚಳದ, ಅಂದರೆ 100ರ ಲೆಕ್ಕದ ಸಿರಿಂಜ್ ಬಂದಿತ್ತು. ಬಾಟಲಿ ಮಾತ್ರ 40ರದ್ದು. ಒಬ್ಬ ಅಜ್ಜಿಗೆ 20ರ ಗೆರೆಗೆ ಎಳೆದು ಕೊಡುತ್ತಿದ್ದೆವು, ಹೋಗುತ್ತಿದ್ದದ್ದು 8 ಯೂನಿಟ್. ಮೂರು ದಿನ ಶುಗರ್ ಇಳಿಯಲೇ ಇಲ್ಲ. ಡಾಕ್ಟರ್ ಡೋಸ್ ಏರಿಸುತ್ತಲೇ ಹೋದರು. ನಾಲ್ಕನೇ ದಿನ ನೈಟ್ ಡ್ಯೂಟಿಯಲ್ಲಿ ಕಸದ ಡಬ್ಬಿಯಲ್ಲಿ ಬಿದ್ದಿದ್ದ ಕಿತ್ತಳೆ ಮುಚ್ಚಳ ಕಣ್ಣಿಗೆ ಬಿತ್ತು. ಅದಕ್ಕೆ ಮುಂಚೆ ಎರಡು ಸಲ ನಾನೇ ಕೊಟ್ಟಿದ್ದೆ. ಆಮೇಲೆ ಕೆಲಸ ಬಿಡುವ ತನಕ ಬಾಟಲಿ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಎರಡನ್ನೂ ಬಾಯಿಬಿಟ್ಟು ಓದದೆ ಒಂದು ಇಂಜೆಕ್ಷನ್ನೂ ಕೊಟ್ಟಿಲ್ಲ.

ಅರ್ಧ ಡೋಸ್ ಅಂತ ನೀವೇ 5ರ ಗೆರೆಗೆ ಎಳೆದಿದ್ದರೂ ಹನ್ನೆರಡೂವರೆ ಹೋಗುತ್ತಿತ್ತು. ಡೋಸ್ ಎಷ್ಟು ಅಂತ ಡಾಕ್ಟರೇ ಹೇಳಲಿ. ಪೆನ್ನಿನ ಕಾರ್ಟ್ರಿಜ್‌ಗೆ ಸೂಜಿ ಚುಚ್ಚಿ ಎಳೆಯುವ ಅಭ್ಯಾಸವೇ ಬೇಡ. ಒಳಗೆ ಗಾಳಿ ಹೋದರೆ ಆಮೇಲೆ ಪೆನ್ ಕೊಡುವ ಲೆಕ್ಕವೂ ತಪ್ಪುತ್ತದೆ. ಆ ಕಾರ್ಟ್ರಿಜ್ ಮತ್ತೆ ಬಳಸಬೇಡಿ.

ಇನ್ನು ಬೆವರು. ಶುಗರ್ ಇಳಿದರೆ ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಮೆಟೊಪ್ರೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅವೆರಡೂ ಅಷ್ಟಾಗಿ ಕಾಣಿಸದೇ ಇರಬಹುದು. ಬೆವರನ್ನು ಆ ಮಾತ್ರೆ ಅಡಗಿಸುವುದಿಲ್ಲ. ನಾವು ರಾತ್ರಿ ರೌಂಡಿನಲ್ಲಿ ಟಾರ್ಚ್ ಹಿಡಿದು, ಮಲಗಿದವರ ಕತ್ತಿನ ಹಿಂದೆ, ಕೂದಲು ಶುರುವಾಗುವ ಜಾಗದಲ್ಲಿ ಬೆರಳ ಹಿಂಭಾಗ ತಾಗಿಸಿ ನೋಡುತ್ತಿದ್ದೆವು. ಒದ್ದೆ ಇದ್ದು ತಣ್ಣಗಿದ್ದರೆ ತಕ್ಷಣ ಮೀಟರ್. ನಿದ್ದೆಗಣ್ಣಲ್ಲಿ ಸಂಬಂಧವಿಲ್ಲದ ಮಾತು, ಸುಮ್ನೆ ಸಿಟ್ಟು, ಎಬ್ಬಿಸಿದರೂ ಮಂಕು, ಇವೂ ಅದರ ಗುರುತೇ. ವಯಸ್ಸಾಯಿತು ಅಂತ ತಳ್ಳಿಹಾಕಬೇಡಿ.

70ಕ್ಕಿಂತ ಕೆಳಗೆ ಬಂದರೆ ನೀವು ಮಾಡಿದ್ದೇ ಸರಿ. ಸುಮಾರು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಚೆಕ್. ಏರಿದ ಮೇಲೆ ಇಡ್ಲಿನೋ ಅನ್ನನೋ ಸ್ವಲ್ಪ ತಿನ್ನಿಸಬೇಕು. ಚಾಕೊಲೇಟ್, ಹಾಲಿನ ಸಿಹಿ ಕೊಡಬೇಡಿ, ಜಿಡ್ಡಿನಿಂದ ನಿಧಾನವಾಗುತ್ತದೆ. ಮಾತ್ರೆ ಚೀಟಿಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದ್ದರೆ ಅಡುಗೆಮನೆ ಸಕ್ಕರೆ ಬೇಗ ಏರಿಸುವುದಿಲ್ಲ. ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತದೆ. ಅಂಥವರಿಗೆ ಗ್ಲೂಕೋಸ್ ಪುಡಿಯೇ ಆಗಬೇಕು. ಸಕ್ಕರೆ ಮುಟ್ಟಿದ ಕೈಯಲ್ಲಿ ಚೆಕ್ ಮಾಡಬೇಡಿ, ಅಮ್ಮನ ಬೆರಳು ತೊಳೆದು ಒರೆಸಿ. ಬೆರಳಿಗೆ ಅಂಟಿದ ಸಕ್ಕರೆಯೇ ಮೀಟರಿನಲ್ಲಿ ಜಾಸ್ತಿ ತೋರಿಸುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಅಮ್ಮನ ಹೊಟ್ಟೆ ಮೇಲೆ ಒಮ್ಮೆ ಕೈ ಆಡಿಸಿ ನೋಡಿ. ಆರು ವರ್ಷ ಒಂದೇ ಜಾಗಕ್ಕೆ ಚುಚ್ಚಿದ್ದರೆ ಮೆತ್ತಗಿನ ಗಂಟು ಸಿಗುತ್ತದೆ. ನೋಯುವುದಿಲ್ಲ, ಅದಕ್ಕೇ ಎಲ್ಲರೂ ಅಲ್ಲೇ ಚುಚ್ಚಿಸಿಕೊಳ್ಳುತ್ತಾರೆ. ಆ ಗಂಟಿನಿಂದ ಇನ್ಸುಲಿನ್ ಒಂದು ದಿನ ಹೀರಿದರೆ ಒಂದು ದಿನ ಹೀರುವುದಿಲ್ಲ. ಗಂಟು ಬಿಟ್ಟು ಹೊಸ ಜಾಗಕ್ಕೆ ಹೋದಾಗ ಶುಗರ್ ಇಳಿಯಬಹುದು. ಜಾಗ ಬದಲಾಯಿಸುವ ಮುಂಚೆ ಡೋಸ್ ಕೇಳಿಕೊಳ್ಳಿ.

ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿಗೆ ಅರ್ಧದಿಂದ ಒಂದು ಗಂಟೆ ಬಿಡಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ.

ಬಸವನಗುಡಿ ಅಣ್ಣ | ಸಂಜೆ 6:30

ಬಿಸಿನೀರಿನ ಚೀಲದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ. ದಯವಿಟ್ಟು ಇವತ್ತೇ ನಿಲ್ಲಿಸಿ ತಂಗಿ. ನಮ್ಮ ತಂದೆಗೂ ಹೀಗೇ ಉರಿ, ಜೋಮು. ಏಪ್ರಿಲ್ ಮಧ್ಯಾಹ್ನ ದೊಡ್ಡ ಬಸವಣ್ಣನ ಗುಡಿಗೆ ಹೋಗಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದರು. ಕಲ್ಲು ಕಾದಿತ್ತು. ಪಕ್ಕದಲ್ಲಿದ್ದ ನಾನು ಓಡಿ ನೆರಳಿಗೆ ನಿಂತೆ, ಅವರು ನಿಧಾನವಾಗಿ ನಡೆದರು. ಅವರಿಗೆ ಬಿಸಿ ಗೊತ್ತೇ ಆಗಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಅವರ ಬಿಳಿ ಪಂಚೆಯ ಅಂಚಿನಲ್ಲಿ ರಕ್ತದ ಕಲೆ ನೋಡಿ ಕಾಲು ಎತ್ತಿಸಿದೆ. ಅಂಗಾಲಿನ ಗುಳ್ಳೆ ಒಡೆದು ಚರ್ಮವೇ ಎದ್ದಿತ್ತು. ನಾಲ್ಕು ತಿಂಗಳು ಡ್ರೆಸ್ಸಿಂಗ್ ಆಯಿತು. ಜಯನಗರದ ಕಡೆ ಇರುವ ಸರ್ಕಾರಿ ಎಂಡೋಕ್ರಿನಾಲಜಿ ಸಂಸ್ಥೆಗೆ, ಮೊದಲು ಡಯಾಬಿಟಾಲಜಿ ಸಂಸ್ಥೆ ಅನ್ನುತ್ತಿದ್ದರಲ್ಲ, ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಪಾದಕ್ಕೇ ಬೇರೆ ವಿಭಾಗ ಇದೆ. ನೈಲಾನ್ ದಾರದಂಥದ್ದನ್ನು ಅಂಗಾಲಿಗೆ ಒತ್ತಿ ಗೊತ್ತಾಗುತ್ತಾ ಅಂತ ಕೇಳುತ್ತಾರೆ. ಅಪ್ಪ ಕಣ್ಣು ಮುಚ್ಚಿಕೊಂಡು ಹತ್ತರಲ್ಲಿ ಎರಡಕ್ಕೆ ಮಾತ್ರ 'ಹೂಂ' ಅಂದರು.

ಈಗ ದಿನಾ ರಾತ್ರಿ ಊಟ ಆದ ಮೇಲೆ ನಾನೇ ಕೆಳಗೆ ಕೂತು ಅವರ ಕಾಲು ನೋಡುತ್ತೇನೆ. ಬೆರಳ ಸಂದಿಯನ್ನೂ ಬಿಡಿಸಿ ನೋಡಬೇಕು. ಸಂದಿಗೆ ಎಣ್ಣೆ, ಕ್ರೀಮ್ ಹಚ್ಚಬಾರದು. ಸ್ನಾನದ ನೀರಿಗೆ ಮೊದಲು ನಿಮ್ಮ ಮೊಣಕೈ ಇಟ್ಟು ನೋಡಿ. ಮನೆಯೊಳಗೂ ಎಂಸಿಆರ್ ಚಪ್ಪಲಿ, ಅಂದರೆ ಮೆತ್ತಗಿನ ರಬ್ಬರಿನದು, ಹಾಕಿಸಿ.

ರಾಜಾಜಿನಗರದ ಮಗಳು | ಮಂಗಳವಾರ, ರಾತ್ರಿ 9:10

ಶುಕ್ರವಾರ ರಾತ್ರಿ ಅಲ್ಲೇ ಇಟ್ಟುಕೊಂಡರು. ಮಧ್ಯಾಹ್ನ ಎರಡಕ್ಕೆ ಮತ್ತೆ 58ಕ್ಕೆ ಇಳಿಯಿತು ಸಿಸ್ಟರ್. ಮನೆಯಲ್ಲೇ ಇದ್ದಿದ್ದರೆ ಊಟ ಆಗಿದೆಯಲ್ಲ ಅಂತ ಚೆಕ್ ಕೂಡ ಮಾಡುತ್ತಿರಲಿಲ್ಲ. ಡ್ರಿಪ್ ಹಾಕಿದರು. ಶನಿವಾರ ಸಂಜೆ ಮನೆಗೆ ಬಂದೆವು. ನೆನ್ನೆ ನಮ್ಮ ಡಾಕ್ಟರ್ ನೋಡಿ ಬೆಳಿಗ್ಗೆ 14, ರಾತ್ರಿ 8 ಮಾಡಿದ್ದಾರೆ. ಹೊಟ್ಟೆಯಲ್ಲಿ ಗಂಟು ಇತ್ತು, ಹೊಕ್ಕುಳಿನ ಎಡಗಡೆ, ನಿಂಬೆಹಣ್ಣಿನಷ್ಟು. ಆರು ವರ್ಷದಲ್ಲಿ ನಾನು ಒಂದು ದಿನವೂ ಮುಟ್ಟಿ ನೋಡಿರಲಿಲ್ಲ.

ಹುಡುಗಿಯನ್ನು ಬಿಡಿಸಿಲ್ಲ. ನೀವು ಬರೆದಿದ್ದನ್ನು ಅವಳಿಗೂ ಓದಿ ಹೇಳಿದೆ. ಅತ್ತುಬಿಟ್ಟಳು. ಈಗ ಪೆನ್ ತಿರುಗಿಸಿದ ಮೇಲೆ ಅಂಕಿಯನ್ನು ಗಟ್ಟಿಯಾಗಿ ಹೇಳುತ್ತಾಳೆ, ಅಮ್ಮನೂ ಕನ್ನಡಕ ಹಾಕಿಕೊಂಡು ನೋಡಿ 'ಎಂಟು' ಅಂತಾರೆ, ಆಮೇಲೆಯೇ ಚುಚ್ಚುವುದು. ಇನ್ನೊಂದು ಪೆನ್ ತಂದಿಟ್ಟಿದ್ದೇನೆ. ಕೆಂಪು ಮುಚ್ಚಳದ್ದು ಹದಿಮೂರು ಉಳಿದಿತ್ತು, ಎಲ್ಲ ಆಸ್ಪತ್ರೆಯ ಸೂಜಿ ಡಬ್ಬಿಗೆ ಹಾಕಿ ಬಂದೆ.

ನಿನ್ನೆ ರಾತ್ರಿ ಮೂರಕ್ಕೆ ಅಲಾರಂ ಇಟ್ಟು ಎದ್ದೆ. ಕತ್ತಿನ ಹಿಂದೆ ಬೆರಳು ಇಟ್ಟರೆ ಒಣಗಿತ್ತು. ಆದರೂ ಚೆಕ್ ಮಾಡಿದೆ, 138. ಅಮ್ಮ ಎಚ್ಚರಾಗಿ 'ಏನೇ ಇದು, ಮಲಗೋದಿಲ್ವಾ' ಅಂದರು.

ಅಣ್ಣ, ಪಾದದ ಪರೀಕ್ಷೆಗೆ ಗುರುವಾರ ಹೋಗುತ್ತಿದ್ದೇವೆ. ಬಿಸಿನೀರಿನ ಚೀಲ ಅಟ್ಟಕ್ಕೆ ಹೋಯಿತು. ದೇವರ ಮನೆಗೆ ಮಾತ್ರ ಚಪ್ಪಲಿ ಹಾಕಿಕೊಂಡು ಹೋಗಲ್ಲ ಅಂತ ಹಟ ಮಾಡುತ್ತಿದ್ದಾರೆ. ನಿಮ್ಮ ತಂದೆಯವರನ್ನು ಹೇಗೆ ಒಪ್ಪಿಸಿದಿರಿ?

ಬಸವನಗುಡಿ ಅಣ್ಣ | 9:42

ಅವರೂ ಒಪ್ಪಿರಲಿಲ್ಲ. ದೇವರ ಮನೆಗೇ ಅಂತ ದಪ್ಪ ಕಾಲುಚೀಲ ಬೇರೆ ತೆಗೆದಿಟ್ಟಿದ್ದೇವೆ. ಒಗೆದು ಮಡಿಯಲ್ಲಿ ಒಣಗಿಸಿದ್ದು. ಬಿಳೀದೇ ತನ್ನಿ, ರಕ್ತ ಬಂದರೆ ಕಾಣುತ್ತದೆ. ನೆಲ ನುಣುಪಿದ್ದರೆ ಜಾರುತ್ತದೆ, ಅಡಿಯಲ್ಲಿ ರಬ್ಬರ್ ಚುಕ್ಕಿ ಇರುವುದನ್ನು ಕೇಳಿ.